ಮೂರನೇ ಆರೋಪಿ

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಪತ್ರಿಕೆಯ ಹೆಸರಿಲ್ಲ, ಗುತ್ತಿಗೆದಾರರ ಹೆಸರಿಲ್ಲ, ನನ್ನ ಊರಿನ ಹೆಸರೂ ಇಲ್ಲ. ಹೆದರಿದ್ದಾನೆ ಎಂದುಕೊಂಡರೆ ನನಗೇನೂ ಬೇಸರವಿಲ್ಲ. ಇನ್ನೊಂದು ಸಮನ್ಸ್ ತಡೆದುಕೊಳ್ಳುವ ತಾಕತ್ತು ನನಗೂ ಉಳಿದಿಲ್ಲ, ನನ್ನ ಮನೆಯವರಿಗೂ ಉಳಿದಿಲ್ಲ. ಹರಿಹರ, ರಾಣೆಬೆನ್ನೂರು, ಹರಪನಹಳ್ಳಿ, ಹೂವಿನಹಡಗಲಿ, ಮುಂಡರಗಿ ಎಂದು ತುಂಗಭದ್ರೆಯ ಎರಡೂ ದಂಡೆಗೆ ತಾಲ್ಲೂಕುಗಳಿವೆಯಲ್ಲ, ಆ ಕಡೆಯವನು ನಾನು ಎಂದು ತಿಳಿದರೆ ಸಾಕು.

ಒಂದು ಕನ್ನಡ ದಿನಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿದ್ದೆ. ಅದೇ ಪತ್ರಿಕೆಯ ಏಜೆಂಟನೂ ಆಗಿದ್ದೆ. ನಸುಕಿನಲ್ಲಿ ಬಂಡಲ್ ಇಳಿಸಿಕೊಂಡು, ಪುರವಣಿ ಸೇರಿಸಿ, ಸೈಕಲ್ ಹುಡುಗರಿಗೆ ಎಣಿಸಿಕೊಟ್ಟು, ಸ್ನಾನ ಮುಗಿಸಿ ಸುದ್ದಿಗೆ ಹೊರಡುವುದು. ಸಂಬಳ ಎಂಬುದು ಇರಲಿಲ್ಲ. ತಿಂಗಳಿಗೊಮ್ಮೆ ಗೌರವಧನ ಬರುತ್ತಿತ್ತು, ಅದು ಬೈಕಿನ ಪೆಟ್ರೋಲಿಗೇ ಸರಿಹೋಗುತ್ತಿತ್ತು. ಬದುಕು ನಡೆಯುತ್ತಿದ್ದದ್ದು ಕಮಿಷನ್ನಿನ ಮೇಲೆ. ಮಾರಿದ ಪ್ರತಿಗಳಿಗೆ ಒಂದಿಷ್ಟು, ತಂದ ಜಾಹೀರಾತಿಗೆ ಒಂದಿಷ್ಟು.

ಜಾಹೀರಾತು ಎಂದರೆ ಅಂಗಡಿ ಜಾಹೀರಾತು ಎಂದುಕೊಳ್ಳಬೇಡಿ. ತಾಲ್ಲೂಕಿನಲ್ಲಿ ಜಾಹೀರಾತು ಕೊಡುವ ಶಕ್ತಿ ಯಾರಿಗಿದೆ? ಶಾಸಕರ ಹುಟ್ಟುಹಬ್ಬಕ್ಕೆ ಹಿಂಬಾಲಕರು, ಯುಗಾದಿಗೆ ಸೊಸೈಟಿಯ ಅಧ್ಯಕ್ಷರು, ಶಾಲೆ ನಡೆಸುವವರು, ಪಿಡಬ್ಲ್ಯುಡಿ ಕೆಲಸ ಹಿಡಿದ ಗುತ್ತಿಗೆದಾರರು, ಮರಳಿನವರು. ಅಂದರೆ ನಾನು ಯಾರ ಮೇಲೆ ಕಣ್ಣಿಡಬೇಕೋ ಅವರೇ. ಬೆಳಿಗ್ಗೆ ಅವರ ಕೆಲಸದ ಗುಣಮಟ್ಟ ಪ್ರಶ್ನಿಸುವ ಸುದ್ದಿ ಬರೆದು, ಸಂಜೆ ಅವರ ಮನೆ ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದು ನಿಲ್ಲಬೇಕು. ಟಾರ್ಗೆಟ್ ಮುಟ್ಟದಿದ್ದರೆ ಜಿಲ್ಲಾ ಕಚೇರಿಯಿಂದ ಫೋನು. ಜಾಹೀರಾತು ಕೊಟ್ಟವರು ದುಡ್ಡು ಕೊಡದೆ ಸತಾಯಿಸಿದರೆ ಆ ಬಾಕಿ ನನ್ನ ಏಜೆನ್ಸಿಯ ಠೇವಣಿಯಲ್ಲಿ ಕಡಿತ. ಸುದ್ದಿ ವಿಭಾಗ ಬೇರೆ, ಜಾಹೀರಾತು ವಿಭಾಗ ಬೇರೆ, ನಡುವೆ ಗೋಡೆ ಇರಬೇಕು ಎಂದು ಪತ್ರಿಕೋದ್ಯಮದ ಪಾಠದಲ್ಲಿ ಓದಿದವರಿಗೆ ಗೊತ್ತು. ನನ್ನ ಊರಿನಲ್ಲಿ ಆ ಎರಡೂ ವಿಭಾಗ ಒಂದೇ ಬೈಕಿನ ಮೇಲೆ ಓಡಾಡುತ್ತಿದ್ದವು.

ಕಾಲೇಜಿನ ದಿನಗಳಲ್ಲಿ ಲಂಕೇಶ್ ಪತ್ರಿಕೆ ಓದಿ ಕೆಟ್ಟವರಲ್ಲಿ ನಾನೂ ಒಬ್ಬ. 1980ರಲ್ಲಿ ಶುರುವಾದ ಆ ವಾರಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗರ ದುಡ್ಡಿನಲ್ಲೇ ನಡೆಯಿತು. ಅದು ಸಾಧ್ಯ ಎಂದು ನಂಬಿ ಈ ಕಸುಬಿಗೆ ಬಂದೆ. ಬಂದ ಮೇಲೆ ಕಂಡದ್ದು ಬೇರೆ.

2013ರ ವಿಧಾನಸಭಾ ಚುನಾವಣೆ. ಮತದಾನ ಮೇ 5ಕ್ಕೆ. ಅದಕ್ಕೆ ಕೆಲವು ವಾರ ಮುಂಚೆ ಜಿಲ್ಲಾ ಕೇಂದ್ರದ ಲಾಡ್ಜೊಂದರಲ್ಲಿ ತಾಲ್ಲೂಕು ವರದಿಗಾರರನ್ನೆಲ್ಲ ಸೇರಿಸಿದರು. ಕೈಗೆ ಒಂದೊಂದು ಹಾಳೆ ಬಂತು. ಪತ್ರಿಕೆಯ ಹೆಸರಾಗಲಿ ಸಹಿಯಾಗಲಿ ಅದರ ಮೇಲೆ ಇರಲಿಲ್ಲ. ಪ್ರಚಾರ ಸಭೆಯ ಸುದ್ದಿಗೆ ಇಷ್ಟು, ಫೋಟೊ ಸಹಿತ ಸಂದರ್ಶನಕ್ಕೆ ಇಷ್ಟು, ‘ಕ್ಷೇತ್ರ ಸಮೀಕ್ಷೆ’ಗೆ ಇಷ್ಟು, ಮೂರೂ ಸೇರಿ ಪ್ಯಾಕೇಜ್ ಆದರೆ ರಿಯಾಯಿತಿ. ದುಡ್ಡು ನಗದು, ರಸೀದಿ ಇಲ್ಲ. ಆಗ ವಿಧಾನಸಭಾ ಅಭ್ಯರ್ಥಿಯೊಬ್ಬರು ಮಾಡಬಹುದಾಗಿದ್ದ ಖರ್ಚಿನ ಮಿತಿ 16 ಲಕ್ಷ ರೂಪಾಯಿ. ಈ ಹಾಳೆಯ ದುಡ್ಡು ಆ ಲೆಕ್ಕದಲ್ಲಿ ಬರುವುದಿಲ್ಲ. ಓದುಗನಿಗೆ ಅದು ಜಾಹೀರಾತು ಎಂದು ತಿಳಿಯುವುದೂ ಇಲ್ಲ. ಎರಡೂ ಕಡೆ ಮೋಸ.

‘ಕಾಸಿಗಾಗಿ ಸುದ್ದಿ’ ಎಂಬ ಮಾತು ಆ ಹೊತ್ತಿಗಾಗಲೇ ಹಳತಾಗಿತ್ತು. 2009ರ ಲೋಕಸಭಾ ಚುನಾವಣೆಯ ನಂತರ ಭಾರತೀಯ ಪತ್ರಿಕಾ ಮಂಡಳಿ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರಿಂದ ತನಿಖೆ ಮಾಡಿಸಿತ್ತು. ಅವರು 2010ರಲ್ಲಿ ಕೊಟ್ಟ ವರದಿ 71 ಪುಟ. ಅದರಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. ಮಂಡಳಿ ಅದನ್ನು ಮೊಟಕುಗೊಳಿಸಿ ಹೊರಬಿಟ್ಟಿತು. ಪೂರ್ತಿ ವರದಿ ಜನರ ಕಣ್ಣಿಗೆ ಬಿದ್ದದ್ದು ಮರುವರ್ಷ, ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ. 2011ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಇದೇ ಕಾರಣಕ್ಕೆ ಮೂರು ವರ್ಷ ಅನರ್ಹಗೊಳಿಸಿತ್ತು. ಕೊಂಡವರಿಗೆ ಶಿಕ್ಷೆಯಾಯಿತು. ಮಾರಿದವರವರೆಗೆ ಆಯೋಗದ ಕೈ ಚಾಚುವುದಿಲ್ಲ. ಪತ್ರಿಕಾ ಮಂಡಳಿ ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಲಾಡ್ಜಿನಲ್ಲಿ ಹಾಳೆ ಹಂಚಿದವರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಬಂದೆ. ಯಾವ ಅಭ್ಯರ್ಥಿಗೂ ತೋರಿಸಲಿಲ್ಲ. ಎದುರಿಗೆ ನಿಂತು ವಾದ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ‘ಯಾರೂ ಒಪ್ಪುತ್ತಿಲ್ಲ ಸರ್’ ಎಂದು ಫೋನಿನಲ್ಲಿ ಹೇಳುತ್ತ ದಿನ ದೂಡಿದೆ. ಅವರು ಬೇರೊಬ್ಬರನ್ನು ‘ವಿಶೇಷ ಪ್ರತಿನಿಧಿ’ ಎಂದು ಕಳಿಸಿ ಕೆಲಸ ಮುಗಿಸಿಕೊಂಡರು. ಒಂದು ದಿನ ಒಂದೇ ಪುಟದ ಎಡಕ್ಕೆ ಒಬ್ಬರ ‘ಗೆಲುವು ಖಚಿತ’, ಬಲಕ್ಕೆ ಅವರ ಎದುರಾಳಿಯ ‘ಗೆಲುವು ನಿಶ್ಚಿತ’. ಚಹಾದಂಗಡಿಯಲ್ಲಿ ಜನ ಬಿದ್ದು ಬಿದ್ದು ನಕ್ಕರು. ಪಕ್ಷೇತರರಾಗಿ ನಿಂತಿದ್ದ ನಿವೃತ್ತ ಮಾಸ್ತರರೊಬ್ಬರು ಮಾತ್ರ ನಗಲಿಲ್ಲ. ‘ನನ್ನ ಹೆಸರು ಒಂದ್ಸಲನೂ ಬರಲಿಲ್ಲ ನೋಡ್ರಿ, ನಾ ಏನು ನಿಂತೇ ಇಲ್ಲೇನು?’ ಎಂದು ಕೇಳಿದರು. ಅವರ ಪಾದಯಾತ್ರೆಯ ಸುದ್ದಿಯನ್ನು ನಾನು ಕಳಿಸಿದ್ದೆ. ಡೆಸ್ಕಿನಲ್ಲಿ ಅದು ಹಾಗೆಯೇ ಬಿದ್ದಿತ್ತು.

ಚುನಾವಣೆ ಮುಗಿದ ಮೇಲೆ ನನ್ನ ಸುದ್ದಿಗಳು ಸಣ್ಣಗಾಗುತ್ತ ಬಂದವು. ಬೈಲೈನ್ ಹೋಯಿತು. ಇರಲಿ, ಅದು ದೊಡ್ಡ ಮಾತಲ್ಲ. ದೊಡ್ಡದು ಮುಂದೆ ಕಾದಿತ್ತು.

2014ರ ಫೆಬ್ರುವರಿಯಲ್ಲಿ ಮೈಲಾರದ ಕಾರ್ಣಿಕೋತ್ಸವಕ್ಕೆ ಜಾತ್ರೆ ಪುರವಣಿ ತರಬೇಕೆಂದು ಹುಕುಂ ಬಂತು. ಸುತ್ತಲಿನ ತಾಲ್ಲೂಕುಗಳಿಗೆಲ್ಲ ಟಾರ್ಗೆಟ್ ಹಂಚಿದರು. ನಾನು ಜಾಹೀರಾತು ಕೇಳಿದವರಲ್ಲಿ ಒಬ್ಬ ಮರಳು ಗುತ್ತಿಗೆದಾರರೂ ಇದ್ದರು. ಅವರು ಅರ್ಧ ಪುಟಕ್ಕೆ ಒಪ್ಪಿ, ನಗದು ಎಣಿಸಿಕೊಟ್ಟು, ರಸೀದಿ ಕೇಳಿ ಪಡೆದರು. ಪತ್ರಿಕೆಯ ಮುದ್ರಿತ ರಸೀದಿ, ಕೆಳಗೆ ನನ್ನ ಸಹಿ. ದುಡ್ಡನ್ನು ಮರುದಿನವೇ ಪತ್ರಿಕೆಯ ಖಾತೆಗೆ ಕಟ್ಟಿದೆ. ಕಾರ್ಣಿಕದ ಗೊರವಯ್ಯನ ಚಿತ್ರದ ಕೆಳಗೆ ಕೈಮುಗಿದು ನಿಂತ ಅವರ ಚಿತ್ರವೂ ಬಂತು.

ಆ ವರ್ಷ ಬೇಸಿಗೆಯಲ್ಲಿ ನದಿದಂಡೆಯ ಹಳ್ಳಿಗಳಿಗೆ ಕುಡಿಯುವ ನೀರು ನಿಂತಿತು. ಬಹುಗ್ರಾಮ ಯೋಜನೆಯ ಜಾಕ್‌ವೆಲ್ ಸುತ್ತ ಮರಳು ತೆಗೆದು ತೆಗೆದು ಹೊಂಡ ಬಿದ್ದಿತ್ತು. ನದಿಯಲ್ಲಿ ಮರಳು ಇದ್ದರೆ ಹರಿವು ನಿಂತ ಮೇಲೂ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮರಳು ಹೋದರೆ ನೀರಿನ ಮಟ್ಟ ಕೆಳಗಿಳಿಯುತ್ತದೆ, ಜಾಕ್‌ವೆಲ್ಲಿನ ಬಾಯಿಗೆ ನೀರು ಎಟುಕುವುದಿಲ್ಲ. ಇದನ್ನು ನನಗೆ ವಿವರಿಸಿದವನು ಅಲ್ಲಿನ ಪಂಪ್ ಆಪರೇಟರ್. 2011ರ ಮರಳು ನೀತಿಯಂತೆ ಆಗ ಮರಳಿನ ಉಸ್ತುವಾರಿ ಲೋಕೋಪಯೋಗಿ ಇಲಾಖೆಯದು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ಆ ಬ್ಲಾಕಿನಿಂದ ಎಷ್ಟು ಲೋಡಿಗೆ ಪರ್ಮಿಟ್ ಕೊಟ್ಟಿದ್ದೀರಿ ಎಂದು ಕೇಳಿದೆ. ಉತ್ತರ ಬರುವ ಹೊತ್ತಿಗೆ ನಾನೂ ಇಬ್ಬರು ಗೆಳೆಯರೂ ಸೇತುವೆ ಬಳಿ ಕೂತು ರಾತ್ರಿ ಟಿಪ್ಪರ್ ಎಣಿಸಿದ್ದೆವು. ಕಾಗದದಲ್ಲಿ ಇಡೀ ವಾರಕ್ಕೆ ಇದ್ದಷ್ಟು ಲೋಡು ಸೇತುವೆಯ ಮೇಲೆ ಒಂದೇ ರಾತ್ರಿ ಹೋಗುತ್ತಿತ್ತು. ಪರವಾನಗಿಯ ಷರತ್ತಿನಲ್ಲಿ ನದಿಯೊಳಗೆ ಯಂತ್ರ ಇಳಿಸುವಂತಿಲ್ಲ ಎಂದಿತ್ತು. ನನ್ನ ಫೋಟೊದಲ್ಲಿ ಹಿಟಾಚಿ ನಡುನದಿಯಲ್ಲಿ ನಿಂತಿತ್ತು.

ವರದಿ ಜಿಲ್ಲಾ ಪುಟದಲ್ಲಿ ಬಂತು. ಹೇಗೆ ಬಂತೋ ಇವತ್ತಿಗೂ ಆಶ್ಚರ್ಯ. ಆ ದಿನ ಡೆಸ್ಕಿನಲ್ಲಿದ್ದ ಉಪಸಂಪಾದಕರು ಹೊಸಬರಂತೆ.

ಬೆಳಿಗ್ಗೆ ಏಳಕ್ಕೇ ಗುತ್ತಿಗೆದಾರರ ಫೋನು. ಸಿಟ್ಟಿರಲಿಲ್ಲ ದನಿಯಲ್ಲಿ. ನಿಜವಾಗಿ ಅರ್ಥವಾಗದವರ ದನಿ ಅದು. ‘ಜಾತ್ರಿಗೆ ಕೊಟ್ಟಿದ್ನೆಲ್ರೀ, ಮತ್ಯಾಕ ಬರದ್ರಿ?’ ಅವರ ಲೆಕ್ಕದಲ್ಲಿ ಆ ಅರ್ಧ ಪುಟ ಒಂದು ಒಪ್ಪಂದ. ನಾನು, ಅದು ಪತ್ರಿಕೆಯ ಜಾಹೀರಾತು, ಇದು ಸುದ್ದಿ ಎಂದೆ. ‘ರಸೀದಿ ಮ್ಯಾಲ ಸಹಿ ನಿಮ್ದೈತಲ್ಲ’ ಎಂದರು. ಆಗ ನನಗೆ ಅದರ ಪೂರ್ತಿ ಅರ್ಥ ಹೊಳೆಯಲಿಲ್ಲ.

ಲಾಯರ್ ನೋಟಿಸ್ ಬಂತು. ಪತ್ರಿಕೆಗೆ ತಿಳಿಸಿದೆ, ‘ನಾವು ನೋಡಿಕೊಳ್ಳುತ್ತೇವೆ’ ಎಂದರು. 2015ರ ಆರಂಭದಲ್ಲಿ ಠಾಣೆಯ ಪೇದೆ ಸಮನ್ಸ್ ತಂದುಕೊಟ್ಟ. ಬೆಂಗಳೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯ, ಖಾಸಗಿ ದೂರು, ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಂ. ಮೊದಲ ಆರೋಪಿ ಸಂಪಾದಕರು, ಎರಡನೇ ಆರೋಪಿ ಪ್ರಕಾಶಕರು, ಮೂರನೇ ಆರೋಪಿ ನಾನು. ನದಿ ಇರುವುದು ನಮ್ಮ ತಾಲ್ಲೂಕಿನಲ್ಲಿ, ಮರಳು ಹೋದದ್ದು ನಮ್ಮ ತಾಲ್ಲೂಕಿನಿಂದ, ದೂರುದಾರರೂ ನಮ್ಮವರೇ. ಆದರೆ ಅವರಿಗೆ ಬೆಂಗಳೂರಿನಲ್ಲೊಂದು ಮನೆಯಿದೆ, ಪತ್ರಿಕೆ ಅಲ್ಲೂ ಓದಲ್ಪಡುತ್ತದೆ, ಆದ್ದರಿಂದ ಮಾನ ಅಲ್ಲಿಯೂ ಹೋಗಿದೆ ಎಂಬುದು ವಾದ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು ನಿಲ್ಲಬೇಕಾದವನು ನಾನು. ಅದೇ ಅದರ ಉದ್ದೇಶವಾಗಿತ್ತು ಎಂದು ನನ್ನ ವಕೀಲರು ಮೊದಲ ದಿನವೇ ಹೇಳಿದರು.

ದೂರಿನ ಪ್ರತಿ ಓದಿದಾಗ ಕೈಕಾಲು ತಣ್ಣಗಾಯಿತು. ಮೂರನೇ ಆರೋಪಿ ದೂರುದಾರರಿಂದ ಹಣ ಪಡೆದಿದ್ದಾನೆ, ಮತ್ತೆ ಹೆಚ್ಚಿನ ಹಣಕ್ಕೆ ಪೀಡಿಸಿದ್ದಾನೆ, ಕೊಡದಿದ್ದಾಗ ದ್ವೇಷದಿಂದ ವರದಿ ಬರೆದಿದ್ದಾನೆ ಎಂದಿತ್ತು. ಸಾಕ್ಷ್ಯ ಏನು? ಜಾತ್ರೆ ಪುರವಣಿಯ ರಸೀದಿ. ಪತ್ರಿಕೆ ಕೊಟ್ಟ ಪುಸ್ತಕ, ಪತ್ರಿಕೆಗೆ ಕಟ್ಟಿದ ದುಡ್ಡು, ಪತ್ರಿಕೆ ಹಾಕಿದ ಟಾರ್ಗೆಟ್. ಸಹಿ ಮಾತ್ರ ನನ್ನದು.

ಆಗ ಕಾನೂನು ಹೀಗಿತ್ತು. ಬರೆದದ್ದು ಸತ್ಯ ಎಂದರೆ ಸಾಲದು. 499ನೇ ಕಲಮಿನ ಮೊದಲ ವಿನಾಯಿತಿಯ ಪ್ರಕಾರ ಅದು ಸತ್ಯವೂ ಆಗಿರಬೇಕು, ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು. ಬೇರೆ ಕೆಲವು ವಿನಾಯಿತಿಗಳಿಗೆ ಸದ್ಭಾವನೆ ಇತ್ತೆಂದು ತೋರಿಸಬೇಕು. ಆರೋಪ ರುಜುವಾದರೆ ಎರಡು ವರ್ಷದವರೆಗೆ ಸಾದಾ ಸಜೆ. ಮೇಲಿಂದ ನೋಡಿದರೆ ಸರಿಯಾದ ಮಾತೇ. ಆದರೆ ಒಬ್ಬ ವರದಿಗಾರ ಯಾರ ಬಗ್ಗೆ ಬರೆದನೋ ಅವರಿಂದಲೇ ಹಣ ಪಡೆದ ರಸೀದಿ ಎದುರಿಗಿದ್ದರೆ ಅವನ ಸದ್ಭಾವನೆಯನ್ನು ಯಾವ ನ್ಯಾಯಾಧೀಶರು ನಂಬಬೇಕು? ನಾನೇ ಆ ಕುರ್ಚಿಯಲ್ಲಿದ್ದರೂ ನಂಬುತ್ತಿರಲಿಲ್ಲವೇನೋ.

ಜಾಮೀನಿಗೆ ಆಸ್ತಿ ಇರುವವರು ಬೇಕು. ನೃಪತುಂಗ ರಸ್ತೆಯ ನ್ಯಾಯಾಲಯದ ಆವರಣದಲ್ಲಿ ಒಬ್ಬ ಬಂದು, ಜಾಮೀನುದಾರರನ್ನು ತಾನೇ ಹೊಂದಿಸುತ್ತೇನೆ, ಇಷ್ಟು ಕೊಟ್ಟರೆ ಸಾಕು ಎಂದ. ಯಾರದೋ ಪಹಣಿ, ಯಾರದೋ ಸಹಿ. ಬೇಡವೆಂದೆ. ಊರಿನಿಂದ ಸೋದರಮಾವ ಪಹಣಿ ಹಿಡಿದು ಬಂದರು. ಬಸ್ಸಿನಲ್ಲಿ ಮಾತೇ ಆಡಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಕೇಳಿದರು: ‘ಅಳಿಯಾ, ನೀ ಸುಳ್ಳು ಬರದಿಯೇನು?’

‘ಇಲ್ಲ ಮಾವ.’

‘ರೊಕ್ಕ ಇಸ್ಕೊಂಡಿಯೇನು?’

‘ಪತ್ರಿಕೆಗೆ ಇಸ್ಕೊಂಡೆ. ಕಟ್ಟೀನಿ.’

‘ಹಂಗಾರ ನಡಿ’ ಎಂದರು. ಇಡೀ ಪ್ರಕರಣದಲ್ಲಿ ನನ್ನನ್ನು ಆ ಎರಡೂ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ನಂಬಿದವರು ಅವರೊಬ್ಬರೇ.

2015ರ ಕೊನೆಯಲ್ಲಿ ಒಂದು ದಿನ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಚೌಕವೊಂದು ಬಂತು. ಇಂಥ ದಿನ ಪ್ರಕಟವಾದ ವರದಿಯಿಂದ ಇಂಥವರ ಮನಸ್ಸಿಗೆ ನೋವಾಗಿದ್ದರೆ ಪತ್ರಿಕೆ ವಿಷಾದಿಸುತ್ತದೆ. ವರದಿಯಲ್ಲಿ ಯಾವುದು ತಪ್ಪು ಎಂದು ಅದರಲ್ಲಿ ಇರಲಿಲ್ಲ. ಏಕೆಂದರೆ ತಪ್ಪು ಇರಲಿಲ್ಲ. ಅದಾದ ಮುಂದಿನ ವಾಯಿದೆಗೆ ದೂರುದಾರರ ವಕೀಲರೂ ಪತ್ರಿಕೆಯ ವಕೀಲರೂ ಕೂಡಿ ರಾಜಿ ಅರ್ಜಿ ಕೊಟ್ಟರು. ಮಾನನಷ್ಟ ರಾಜಿಗೆ ಅವಕಾಶವಿರುವ ಅಪರಾಧ. ಯಾರ ಜೊತೆ ರಾಜಿಯಾಗುತ್ತದೋ ಆ ಆರೋಪಿಗಷ್ಟೇ ಬಿಡುಗಡೆ. ಒಂದನೇ ಆರೋಪಿ, ಎರಡನೇ ಆರೋಪಿ ಹೊರಗೆ ನಡೆದರು. ಅಲ್ಲಿಂದ ಮುಂದೆ ಪ್ರಕರಣದಲ್ಲಿ ಉಳಿದದ್ದು ಮೂರನೇ ಆರೋಪಿ ಮಾತ್ರ.

ಕೇಂದ್ರ ಕಚೇರಿಗೆ ಹೋದೆ. ನಾನು ನಿಮ್ಮ ವರದಿಗಾರ, ಜಾಹೀರಾತಿನ ಹಣ ನಿಮ್ಮ ಖಾತೆಗೆ ಬಂದಿದೆ, ಅಷ್ಟನ್ನು ಒಂದು ಪತ್ರದಲ್ಲಿ ಬರೆದುಕೊಡಿ, ಕೋರ್ಟಿಗೆ ಹಾಜರುಪಡಿಸುತ್ತೇನೆ ಎಂದೆ. ಬಹಳ ಹೊತ್ತು ಕಾದ ಮೇಲೆ ಮಾನವ ಸಂಪನ್ಮೂಲ ವಿಭಾಗದವರು ಕರೆದರು. ಒಳ್ಳೆಯ ಮಾತಿನಲ್ಲೇ ಹೇಳಿದರು: ನೀವು ನಮ್ಮ ಸಿಬ್ಬಂದಿಯಲ್ಲ. ನಿಮ್ಮ ಜೊತೆ ಇರುವುದು ಪ್ರಸರಣದ ಏಜೆನ್ಸಿ ಕರಾರು ಮಾತ್ರ. ನನ್ನ ಹೆಸರಿನಲ್ಲಿ ಪ್ರಕಟವಾದ ಸುದ್ದಿಗಳ ಕಡತವನ್ನೇ ಒಯ್ದಿದ್ದೆ, ಅದನ್ನು ಅವರು ಮುಟ್ಟಲೂ ಇಲ್ಲ. ಪತ್ರಕರ್ತರ ವೇತನಕ್ಕೆ ಮಜೀಠಿಯಾ ಮಂಡಳಿಯ ಶಿಫಾರಸು 2011ರಲ್ಲಿ ಅಧಿಸೂಚನೆಯಾಗಿ, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ನಾನು ಆ ಪುರವಣಿಯ ರಸೀದಿ ಹರಿದುಕೊಟ್ಟ ತಿಂಗಳೇ ಅದು. ಆದರೆ ವೇತನ ಮಂಡಳಿ ಇರುವುದು ಪತ್ರಕರ್ತರಿಗೆ. ಏಜೆಂಟನಿಗೆ ಎಲ್ಲಿಯ ವೇತನ? ಮರುತಿಂಗಳು ಏಜೆನ್ಸಿಯೂ ಹೋಯಿತು. ಠೇವಣಿಯಲ್ಲಿ ಜಾಹೀರಾತು ಬಾಕಿ ಕಳೆದು ಉಳಿದದ್ದನ್ನು ಕಳಿಸಿದರು. ಅದು ವಕೀಲರ ಫೀಸಿನ ಒಂದು ಕಂತಿಗೂ ಸಾಲಲಿಲ್ಲ.

ಗುತ್ತಿಗೆದಾರರ ಮೇಲೆ ನನಗೆ ಆಗ ಇದ್ದಷ್ಟು ಸಿಟ್ಟು ಈಗಿಲ್ಲ. ಅವರು ತಮ್ಮ ದಂಧೆಯನ್ನು ಕಾಪಾಡಿಕೊಂಡರು, ಯಾರಾದರೂ ಅಷ್ಟು ಮಾಡುತ್ತಾರೆ. ಪತ್ರಿಕೆ ಕಾಪಾಡಿಕೊಂಡದ್ದು ಏನನ್ನು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಮರುವರ್ಷದ ಜಾತ್ರೆ ಪುರವಣಿಯಲ್ಲಿ ಅದೇ ಗುತ್ತಿಗೆದಾರರ ಜಾಹೀರಾತು ಪೂರ್ತಿ ಪುಟ ಬಂದಿತ್ತು.

ಊರಿನಲ್ಲಿ ಮಾತು ಹಬ್ಬಿತು, ‘ರೋಲ್‌ಕಾಲ್ ಮಾಡಾಕ ಹೋಗಿ ಸಿಕ್ಕೊಂಡಾನ’ ಎಂದು. ಕರ್ನಾಟಕದ ಯಾವ ತಾಲ್ಲೂಕಿನಲ್ಲಾದರೂ ಈ ಪದದ ಅರ್ಥ ಹೇಳಬೇಕಾಗಿಲ್ಲ. ಬರೆಯುತ್ತೇನೆ ಎಂದು ಹೆದರಿಸಿ ವಸೂಲಿ ಮಾಡುವವರು ನಮ್ಮ ಊರಿನಲ್ಲೂ ಇದ್ದರು. ಜನರಿಗೆ ಅವರು ಯಾರ್ಯಾರೆಂದು ಗೊತ್ತಿತ್ತು. ಹಾಗಾಗಿ ನನ್ನ ಬಗ್ಗೆ ಹೇಳಿದ್ದನ್ನು ನಂಬಲು ಯಾರಿಗೂ ಕಷ್ಟವಾಗಲಿಲ್ಲ. ಮಗಳು ಒಂದು ದಿನ ಶಾಲೆಯಿಂದ ಬಂದು ರೋಲ್‌ಕಾಲ್ ಎಂದರೆ ಏನು ಎಂದು ಕೇಳಿದಳು. ತರಗತಿಯಲ್ಲಿ ಹಾಜರಿ ಕರೆಯುವುದು ಎಂದು ಅವಳ ಅಮ್ಮ ಹೇಳಿದಳು. ಮಗಳು ಅದನ್ನು ನಂಬಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಸಹೋದ್ಯೋಗಿಗಳು ದೂರವಾದರು. ಪ್ರತಿವರ್ಷ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಮಾಡುತ್ತೇವಲ್ಲ, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರು ಸಮಾಚಾರ ಆರಂಭಿಸಿದ ನೆನಪಿಗೆ. ಆ ಸಲ ನಮ್ಮೂರಿನ ಸಮಾರಂಭದಲ್ಲಿ ಹಾರ, ಶಾಲು, ಡಿವಿಜಿಯವರ ಹೆಸರು, ಪತ್ರಿಕಾಧರ್ಮ ಎಲ್ಲ ಇತ್ತು. ಊಟದ ವ್ಯವಸ್ಥೆ ಆ ಗುತ್ತಿಗೆದಾರರದು. ವೇದಿಕೆಯ ಮೇಲೆ ಅವರಿಗೂ ಒಂದು ಕುರ್ಚಿ. ನಾನು ಹೋಗಿರಲಿಲ್ಲ, ಫೋಟೊ ನೋಡಿದೆ. ಊಟ ಚೆನ್ನಾಗಿತ್ತಂತೆ.

ಆಮೇಲಿನ ವರ್ಷಗಳನ್ನು ವಿವರವಾಗಿ ಹೇಳುವುದರಲ್ಲಿ ಅರ್ಥವಿಲ್ಲ, ಎಲ್ಲ ವಾಯಿದೆಯೂ ಒಂದೇ ಥರ. ದೂರುದಾರರು ಬಂದಿಲ್ಲ, ವಕೀಲರು ಇನ್ನೊಂದು ಕೋರ್ಟಿನಲ್ಲಿದ್ದಾರೆ, ಸಾಹೇಬರು ರಜೆ. ರಾತ್ರಿ ಬಸ್ಸು, ಬೆಳಿಗ್ಗೆ ಸುಲಭ ಶೌಚಾಲಯದಲ್ಲಿ ಮುಖ ತೊಳೆಯುವುದು, ಹನ್ನೊಂದಕ್ಕೆ ಹೆಸರು ಕೂಗಿದಾಗ ಕೈಕಟ್ಟಿ ನಿಲ್ಲುವುದು, ಎರಡು ನಿಮಿಷಕ್ಕೆ ಮುಂದಿನ ತಾರೀಖು. ಒಂದು ಸಲ ಬಸ್ಸು ಕೆಟ್ಟು ತಲುಪುವುದು ತಡವಾಯಿತು. ವಕೀಲರೂ ಇರಲಿಲ್ಲ. ಜಾಮೀನುರಹಿತ ವಾರೆಂಟ್ ಆಯಿತು. ಅಪರಾಧ ಸುದ್ದಿ ಕೇಳಲು ನಾನು ದಿನಾ ಹೋಗುತ್ತಿದ್ದ ಠಾಣೆಯಿಂದಲೇ ಪೇದೆ ಬಂದು, ‘ಸರ, ತಪ್ಪು ತಿಳ್ಕೋಬ್ಯಾಡ್ರಿ’ ಎನ್ನುತ್ತ ಅಂಗಳದಲ್ಲಿ ನಿಂತ. ಬೀದಿಯವರೆಲ್ಲ ಹೊರಗೆ ಬಂದಿದ್ದರು. ವಾರೆಂಟ್ ರದ್ದಾಗಲು ದಂಡ ಕಟ್ಟಿದ್ದು ಹೆಂಡತಿಯ ಹೊಲಿಗೆಯ ದುಡ್ಡಿನಲ್ಲಿ.

ಆ ಅವಧಿಯಲ್ಲಿ ನನ್ನಂಥವರ ಸುದ್ದಿಗಳು ಬರುತ್ತಲೇ ಇದ್ದವು, ನಾನು ಅವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. 2015ರ ಜೂನ್‌ನಲ್ಲಿ ಉತ್ತರ ಪ್ರದೇಶದ ಶಾಹಜಹಾನ್‌ಪುರದ ಜಗೇಂದ್ರ ಸಿಂಗ್ ಸುಟ್ಟಗಾಯಗಳಿಂದ ತೀರಿಕೊಂಡರು. ಅವರೂ ಅಕ್ರಮ ಮರಳುಗಾರಿಕೆಯ ಬಗ್ಗೆ ಬರೆಯುತ್ತಿದ್ದವರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನನಷ್ಟದ ಕಲಂಗಳನ್ನು ಎತ್ತಿಹಿಡಿಯಿತು. ಆ ತೀರ್ಪಿನ ಮೇಲೆ ನನ್ನ ವಕೀಲರು ಬಹಳ ಆಸೆ ಇಟ್ಟಿದ್ದರು. ಅದೇ ವರ್ಷ ನವೆಂಬರ್‌ನಲ್ಲಿ, 2008ರ ಒಂದು ವರದಿಗಾಗಿ ಹುಬ್ಬಳ್ಳಿಯ ನ್ಯಾಯಾಲಯ ಗೌರಿ ಲಂಕೇಶ್ ಅವರಿಗೆ ಆರು ತಿಂಗಳ ಸಜೆ ವಿಧಿಸಿತು. ಅವರಿಗೆ ಜಾಮೀನು ಸಿಕ್ಕಿತು. ಮೇಲ್ಮನವಿಯ ಕಥೆ ಮುಗಿಯುವ ಮೊದಲೇ, 2017ರ ಸೆಪ್ಟೆಂಬರ್ 5ರ ರಾತ್ರಿ, ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಆ ವಾರ ನನಗೆ ವಾಯಿದೆ ಇತ್ತು. ಹೋಗಬೇಡ ಎಂದು ತಾಯಿ ಹಟ ಹಿಡಿದಳು. ಹೋಗದಿದ್ದರೆ ಮತ್ತೆ ವಾರೆಂಟ್ ಎಂದು ಹೋದೆ. 2018ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ಭಿಂಡ್‌ನಲ್ಲಿ ಸಂದೀಪ್ ಶರ್ಮಾ ಎಂಬ ಟೀವಿ ವರದಿಗಾರನ ಬೈಕಿನ ಮೇಲೆ ಲಾರಿ ಹರಿಯಿತು. ಮರಳು ಮಾಫಿಯಾದ ಬಗ್ಗೆ ಆತ ಕುಟುಕು ಕಾರ್ಯಾಚರಣೆ ಮಾಡಿದ್ದ, ಜೀವಕ್ಕೆ ಅಪಾಯವಿದೆ ಎಂದು ಪೊಲೀಸರಿಗೆ ಮೊದಲೇ ಬರೆದುಕೊಟ್ಟಿದ್ದ. ಇವರಿಗೆ ಹೋಲಿಸಿದರೆ ನನಗಾದದ್ದು ಏನೂ ಅಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಮಾಧಾನವೇನೂ ಆಗುತ್ತಿರಲಿಲ್ಲ.

ಕೊನೆಗೊಮ್ಮೆ ದೂರುದಾರರ ಮುಖ್ಯ ವಿಚಾರಣೆ ನಡೆಯಿತು. ಅವರು ಕಟಕಟೆಯಲ್ಲಿ ನಿಂತು, ನಾನು ದುಡ್ಡು ಕೇಳಿದೆ ಎಂದು ಪ್ರಮಾಣ ಮಾಡಿ ಹೇಳಿದರು. ರಸೀದಿಯನ್ನು ನಿಶಾನೆ ಪಿ-4 ಎಂದು ಗುರುತಿಸಿದರು. ನನ್ನ ಸಹಿ ಹೌದೇ ಅಲ್ಲವೇ ಎಂಬ ಪ್ರಶ್ನೆಯೇ ಏಳಲಿಲ್ಲ. ಪಾಟೀ ಸವಾಲಿಗೆ ದಿನ ಗೊತ್ತಾಯಿತು. ನನ್ನ ಚೀಲದಲ್ಲಿ ಮಾಹಿತಿ ಹಕ್ಕಿನ ಉತ್ತರ, ಫೋಟೊ, ಬ್ಯಾಂಕಿಗೆ ಹಣ ಕಟ್ಟಿದ ಚಲನ್, ಟಿಪ್ಪರ್‌ಗಳ ನಂಬರು ಬರೆದ ನೋಟ್‌ಬುಕ್ಕು ಎಲ್ಲ ಸಿದ್ಧ. ಬಿಡುಗಡೆಯಾಗುತ್ತೇನೋ ಇಲ್ಲವೋ, ಆ ನದಿಯಲ್ಲಿ ನಡೆದದ್ದು ಒಂದು ಸಲ ಕೋರ್ಟಿನ ದಾಖಲೆಗೆ ಸೇರಲಿ ಎಂಬುದಷ್ಟೇ ಉಳಿದ ಆಸೆಯಾಗಿತ್ತು.

ದೂರುದಾರರು ಬರಲಿಲ್ಲ. ಮುಂದಿನ ಸಲವೂ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. 2019ರ ಕೊನೆಗೆ, ದೂರುದಾರರು ಸತತವಾಗಿ ಗೈರು ಎಂದು ದಂಡ ಪ್ರಕ್ರಿಯಾ ಸಂಹಿತೆಯ 256ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ನನ್ನನ್ನು ಖುಲಾಸೆ ಮಾಡಿದರು. ಆದೇಶ ಒಂದೇ ಪುಟ. ಅದರಲ್ಲಿ ಮರಳಿನ ಮಾತಿಲ್ಲ, ಜಾಕ್‌ವೆಲ್ಲಿನ ಮಾತಿಲ್ಲ. ವರದಿ ಸತ್ಯವೋ ಸುಳ್ಳೋ ಎಂದಿಲ್ಲ. ನಾನು ರೋಲ್‌ಕಾಲ್ ಮಾಡಿದೆನೋ ಇಲ್ಲವೋ ಎಂದೂ ಇಲ್ಲ. ವಕೀಲರು ಕೈಕುಲುಕಿ ‘ಗೆದ್ರಿ’ ಎಂದರು. ಹೊರಗೆ ಬಂದು ಮಾವನಿಗೆ ಫೋನ್ ಮಾಡಿ, ಪಹಣಿ ಮೇಲಿನ ಜಾಮೀನು ಬಿಟ್ಟಿತು ಎಂದು ಹೇಳಿದೆ.

ಈಗ ತಾಲ್ಲೂಕು ಕಚೇರಿ ಎದುರು ಝೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಹೊಸ ಹುಡುಗರು ಯೂಟ್ಯೂಬ್ ಚಾನೆಲ್ಲಿನ ಗುರುತಿನ ಚೀಟಿ, ಬೈಕಿಗೆ ‘ಪ್ರೆಸ್’ ಸ್ಟಿಕರ್ ಮಾಡಿಸಲು ಬರುತ್ತಾರೆ. ಅವರಲ್ಲಿ ಕೆಲವರು ಚಾನೆಲ್ಲಿನ ಲೋಗೊ ಮೈಕಿಗೆ ತಾವೇ ಡೆಪಾಸಿಟ್ ಕಟ್ಟಿದ್ದಾರೆ. ವರದಿಗಾರನಿಗೆ ಸಂಸ್ಥೆ ದುಡ್ಡು ಕೊಡದಿದ್ದ ಕಾಲ ನನ್ನದು, ಸಂಸ್ಥೆಗೆ ವರದಿಗಾರನೇ ದುಡ್ಡು ಕೊಡುವ ಕಾಲ ಇವರದು. ಕಟ್ಟಿದ್ದನ್ನು ಅವರು ಎಲ್ಲಿಂದ ವಾಪಸು ತೆಗೆಯಬೇಕು? ಅವರ ನೈತಿಕತೆಯ ಬಗ್ಗೆ ಸಭೆಯಲ್ಲಿ ಭಾಷಣ ಮಾಡುವ ಹಿರಿಯರು ಈ ಒಂದು ಲೆಕ್ಕವನ್ನು ಮಾತ್ರ ಎತ್ತುವುದಿಲ್ಲ. ಹುಡುಗರಲ್ಲಿ ಒಳ್ಳೆಯವರಿದ್ದಾರೆ. ಒಬ್ಬನಂತೂ ಪಡಿತರ ಅಕ್ಕಿ ಕಾಳಸಂತೆಗೆ ಹೋಗುವುದನ್ನು ಬೆನ್ನುಹತ್ತಿ ವಿಡಿಯೊ ಮಾಡಿದ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, 2024ರ ಜುಲೈ 1ರಿಂದ. ಸಂಖ್ಯೆ ಬದಲಾಗಿದೆ, ಎರಡು ವರ್ಷದ ಸಜೆ ಹಾಗೇ ಇದೆ, ಸಮುದಾಯ ಸೇವೆ ಎಂಬ ಇನ್ನೊಂದು ಶಿಕ್ಷೆ ಸೇರಿದೆ. ಅವನಿಗೂ ನೋಟಿಸ್ ಬಂದಿದೆ. ಅದನ್ನು ಝೆರಾಕ್ಸ್ ಮಾಡಿಸಲು ನನ್ನಲ್ಲಿಗೇ ಬಂದಿದ್ದ.

ಅವನಿಗೆ ಹೇಳಿದ್ದನ್ನೇ ಈ ಕಸುಬಿಗೆ ಬರುವ ಉಳಿದವರಿಗೂ ಹೇಳುತ್ತೇನೆ. ವರದಿಗಾರ ಎಂದು ನೇಮಕದ ಪತ್ರ ಬರವಣಿಗೆಯಲ್ಲಿ ಕೇಳಿ. ಮಾಹಿತಿ ಹಕ್ಕಿನ ಮೂಲ ಉತ್ತರಗಳನ್ನು ಮನೆಯಲ್ಲಿಟ್ಟು ಪ್ರತಿಯನ್ನಷ್ಟೇ ಕಚೇರಿಗೆ ಕೊಡಿ. ರಾಜಿ ಮಾತುಕತೆ ನಡೆದರೆ ನಿಮ್ಮ ಹೆಸರೂ ಅದರಲ್ಲಿ ಇದೆಯೇ ಎಂದು ಖುದ್ದಾಗಿ ಓದಿ ನೋಡಿ. ಸುದ್ದಿ ಬರೆಯುವ ಕೈಗೆ ರಸೀದಿ ಪುಸ್ತಕ ಕೊಟ್ಟರೆ, ಅದರ ಮೊದಲ ಹಾಳೆಯ ಮೇಲೆ ಸಹಿ ಹಾಕುವ ಮುಂಚೆಯೇ ವಾಪಸು ಕೊಟ್ಟುಬಿಡಿ.